ತೇಪೆ ಹಾಕಲು ಯಾವ ಹೊಲಿಗೆ ಯಂತ್ರ: ಮೂರನ್ನೂ ಬಳಸಿ ನೋಡಿದ ಮೇಲೆ

ಕಳೆದ ಮೇ ತಿಂಗಳ ಕೊನೆಯ ವಾರದಲ್ಲಿ 1,650 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿಕೊಂಡ ಪುಟ್ಟ ಪ್ಲಾಸ್ಟಿಕ್ ಹೊಲಿಗೆ ಯಂತ್ರ ನಮ್ಮ ಮನೆಯಲ್ಲಿ ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಹಳೆಯ ಜೀನ್ಸ್ ಪ್ಯಾಂಟಿನ ಕಾಲಿನ ಅಂಚನ್ನು ಮಡಚಿ ಹೊಲಿಯುತ್ತಿದ್ದಾಗ ಸೂಜಿ ಬಟ್ಟೆಯ ನಡುವೆ ಸಿಕ್ಕಿ ನಿಂತಿತು. ಮೋಟಾರು ಮಾತ್ರ ತಿರುಗುತ್ತಲೇ ಇತ್ತು. ಮಿಕ್ಸಿ, ಫ್ಯಾನು ರಿಪೇರಿ ಮಾಡುವವರಲ್ಲಿಗೆ ಒಯ್ದು ಬಿಚ್ಚಿಸಿದಾಗ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಸವೆದು ನುಣ್ಣಗಾಗಿದ್ದುದು ಕಂಡಿತು. ಆ ಚಕ್ರ ಬಿಡಿಯಾಗಿ ಎಲ್ಲಿಯೂ ಸಿಗುವುದಿಲ್ಲವೆಂದು ಅವರು ಹೇಳಿದರು. ಬಟ್ಟೆಯನ್ನು ಎಸೆಯದೆ ಸರಿಪಡಿಸಿ ಉಡಬೇಕೆಂದು ಕೊಂಡ ಯಂತ್ರವೇ ಹದಿನೈದು ದಿನದೊಳಗೆ ಎಸೆಯುವ ವಸ್ತುವಾಯಿತಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಅದಾದ ಮೇಲೆ ಜೂನ್ ಮತ್ತು ಜುಲೈ ತಿಂಗಳಲ್ಲಿ ನಾದಿನಿಯ ವಿದ್ಯುತ್ ಚಾಲಿತ ಜಿಗ್‌ಜಾಗ್ ಯಂತ್ರವನ್ನು ತಂದಿಟ್ಟುಕೊಂಡು ಹೊಲಿದೆ. ಆಗಸ್ಟಿನಿಂದ ಈಚೆಗೆ, ಅತ್ತೆಯವರ ಕಾಲದ ಕಪ್ಪು ಬಣ್ಣದ ತುಳಿಯುವ ಯಂತ್ರವನ್ನು ಅಡಿಕೆ ಚೀಲಗಳ ಹಿಂದಿನಿಂದ ಹೊರತೆಗೆದು, ರಿಪೇರಿ ಮಾಡಿಸಿ, ಅದರಲ್ಲಿಯೇ ಹೊಲಿಯುತ್ತಿದ್ದೇನೆ. ಮೂರರಲ್ಲಿ ನನ್ನ ಒಲವು ಯಾವುದರ ಕಡೆಗೆಂಬುದನ್ನು ಮುಚ್ಚಿಡುವುದಿಲ್ಲ: ತುಳಿಯುವ ಯಂತ್ರವೇ ನನ್ನದು. ಆದರೆ ಅದು ನನಗೆ ಕೊಟ್ಟಷ್ಟು ತೊಂದರೆಯನ್ನು ಉಳಿದೆರಡೂ ಕೊಟ್ಟಿಲ್ಲ. ಆ ತೊಂದರೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ಮೊದಲು ನನ್ನ ಹೊಲಿಗೆ ಯಾವ ಬಗೆಯದೆಂದು ಹೇಳಬೇಕು, ಏಕೆಂದರೆ ಹೊಸ ರವಿಕೆ, ಚೂಡಿದಾರ್ ಹೊಲಿಯುವವರಿಗೆ ನನ್ನ ಅನುಭವ ಅಷ್ಟಾಗಿ ಉಪಯೋಗಕ್ಕೆ ಬರಲಾರದು. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಅಡಿಕೆ ತೋಟದ ನಡುವಿನ ಮನೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಬಟ್ಟೆ ಹಳತಾಗಿ ಹರಿಯುವುದಕ್ಕಿಂತ ಮೊದಲು ಒದ್ದೆಯಲ್ಲಿ ಕರಿಮಚ್ಚೆ ಹಿಡಿದು, ಹೊಲಿಗೆ ಬಿಟ್ಟು ಹಾಳಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮದ್ದಾಗಿ ಬೋರ್ಡೋ ದ್ರಾವಣ ಬಿಡುವ ದಿನಗಳಲ್ಲಿ ತೊಡುವ ಅಂಗಿಗಳಿಗೆ ಮೈಲುತುತ್ತು ಮತ್ತು ಸುಣ್ಣ ತಗಲಿ, ತೋಳು ಹಾಗೂ ಭುಜದ ಭಾಗದಲ್ಲಿ ನೂಲು ಪುಡಿಪುಡಿಯಾಗುತ್ತದೆ. ಆ ಅಂಗಿಗಳಿಗೆ ತೇಪೆ ಹಾಕುವುದು, ಲುಂಗಿಯ ಎರಡು ತುದಿ ಸೇರಿಸಿ ಹೊಲಿಯುವುದು, ಬೈರಾಸಿನ, ಅಂದರೆ ಮೈ ಒರೆಸುವ ಬಟ್ಟೆಯ, ಅಂಚು ಕಟ್ಟುವುದು, ಮಕ್ಕಳ ಶಾಲೆಯ ಸಮವಸ್ತ್ರದ ಅಂಚು ಬಿಚ್ಚಿ ಉದ್ದ ಮಾಡುವುದು, ಉಡಲಾಗದಷ್ಟು ಹಳತಾದ ಪ್ಯಾಂಟುಗಳಿಂದ ಸಂತೆಯ ಚೀಲ ಮಾಡುವುದು, ಇವೇ ನನ್ನ ಕೆಲಸಗಳು. 2020ರ ಜನವರಿ 1ರಿಂದ ಕೇರಳದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧ ಬಂದ ಮೇಲೆ ನಾನು ಹೊಲಿದುಕೊಟ್ಟ ಇಂಥ ಚೀಲಗಳು ನೆಂಟರಿಷ್ಟರ ಮನೆಗಳಲ್ಲಿ ಇಂದಿಗೂ ಓಡಾಡುತ್ತಿವೆ, ಮತ್ತು ಯಂತ್ರದ ನಿಜವಾದ ಪರೀಕ್ಷೆ ಆ ಚೀಲದ ಹಿಡಿಯನ್ನು ಕೂರಿಸುವಾಗಲೇ ಆಗುತ್ತದೆ. ಮಡಚಿದ ಹಿಡಿ, ಮಡಚಿದ ಬಾಯಿಯಂಚು, ಒಳಗಿನ ಆಸರೆಯ ಪಟ್ಟಿ ಎಲ್ಲ ಸೇರಿ ಅಲ್ಲಿ ಎಂಟು ಪದರ ಜೀನ್ಸ್ ಬಟ್ಟೆ ಕೂಡುತ್ತದೆ.

ಪ್ಲಾಸ್ಟಿಕ್ ಯಂತ್ರದ ವಿಷಯವನ್ನು ಬೇಗ ಮುಗಿಸುತ್ತೇನೆ. ಬೈರಾಸಿನ ಅಂಚನ್ನು ಅದು ಅಂದವಾಗಿಯೇ ಹೊಲಿದಿತ್ತು. ಎರಡು ಪದರ ತೆಳು ಹತ್ತಿಬಟ್ಟೆಗೆ ಸಾಕಾಗುವಷ್ಟು ಶಕ್ತಿ ಅದರಲ್ಲಿತ್ತು. ಆದರೆ ಹೊಲಿಗೆಯ ಉದ್ದವನ್ನು ಬದಲಿಸುವ ವ್ಯವಸ್ಥೆ ಇರಲಿಲ್ಲ, ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಹಲ್ಲುಗಳು ಮಡಿಕೆ ಬಂದ ಕಡೆ ಜಾರುತ್ತಿದ್ದವು, ಮತ್ತು ನಾಲ್ಕು ಸೆಲ್ ಹಾಕಿ ನಡೆಸಿದರೆ ಅರ್ಧ ಲುಂಗಿಗೇ ಅದು ಬಳಲುತ್ತಿತ್ತು. ಇದಕ್ಕಿಂತಲೂ ಅಗ್ಗವಾದ, ಸ್ಟೇಪ್ಲರಿನಂತೆ ಕೈಯಲ್ಲಿ ಹಿಡಿದು ಒತ್ತುವ ಬಗೆಯನ್ನು ಕೊಳ್ಳುವ ಯೋಚನೆಯಿದ್ದವರಿಗೆ ಒಂದು ಎಚ್ಚರಿಕೆ: ಅದು ಒಂದೇ ದಾರದಿಂದ ಸರಪಳಿ ಹೊಲಿಗೆ ಹಾಕುವುದರಿಂದ ಕೊನೆಯ ಗಂಟು ಸಡಿಲಿತೆಂದರೆ ಇಡೀ ಸಾಲು ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ.

ಪೇಟೆಯ ಟೈಲರ್‌ಗೆ ಕೊಡುವುದೂ ಒಂದು ದಾರಿಯೇ, ನಾನು ಹಲವು ವರ್ಷ ಹಾಗೆಯೇ ಮಾಡಿದ್ದೇನೆ. ಒಂದು ತೇಪೆಗೆ 50 ರೂಪಾಯಿ ಕೊಡುವುದು ನನಗೆ ಭಾರವಲ್ಲ, ಅವರ ದುಡಿಮೆಗೆ ಅದು ಹೆಚ್ಚೂ ಅಲ್ಲ. ಆದರೆ ಓಣಂ, ಹಬ್ಬ, ಮದುವೆಗಳ ಕಾಲದಲ್ಲಿ ಹೊಸ ಬಟ್ಟೆಯ ರಾಶಿಯ ಮುಂದೆ ಮದ್ದು ಬಿಡುವ ಅಂಗಿಯನ್ನು ಇಡಲು ಮನಸ್ಸು ಒಪ್ಪುವುದಿಲ್ಲ. ಇಟ್ಟರೂ ಅದು ಮರಳಿ ಬರುವಷ್ಟರಲ್ಲಿ ಮದ್ದು ಬಿಡುವ ಕಾಲವೇ ಮುಗಿದಿರುತ್ತದೆ.

ನಾದಿನಿಯ ಜಿಗ್‌ಜಾಗ್ ಯಂತ್ರದ ಬಗ್ಗೆ ನ್ಯಾಯವಾಗಿ ಮಾತಾಡಬೇಕೆಂದರೆ, ಕೌಶಲದಲ್ಲಿ ಮೂರರಲ್ಲಿ ಅದೇ ಮೇಲು. ಸೂಜಿ ಎಡಕ್ಕೂ ಬಲಕ್ಕೂ ಓಲಾಡುವುದರಿಂದ ಬಟ್ಟೆಯ ಅಂಚು ನೂಲು ಬಿಡದಂತೆ ಕಟ್ಟುತ್ತದೆ, ಅಂಗಿಗೆ ಕಾಜಾ ಮಾಡುತ್ತದೆ, ಬನಿಯನ್ ಮತ್ತು ಟೀ ಶರ್ಟಿನಂಥ ಹಿಗ್ಗುವ ಬಟ್ಟೆಗೆ ಹಿಗ್ಗಿದರೂ ಕಡಿಯದ ಹೊಲಿಗೆ ಹಾಕುತ್ತದೆ. ನೇರ ಹೊಲಿಗೆ ಮಾತ್ರ ಬರುವ ತುಳಿಯುವ ಯಂತ್ರದಲ್ಲಿ ಬನಿಯನ್ ಹೊಲಿದರೆ ತಲೆ ತೂರಿಸುವಾಗಲೇ ದಾರ ಪಟಪಟನೆ ಕಡಿಯುತ್ತದೆ. ಈ ಒಂದು ಕೆಲಸಕ್ಕೆ ನಾನು ಈಗಲೂ ನಾದಿನಿಯ ಮನೆಗೇ ಹೋಗುತ್ತೇನೆ. ಸವೆದು ತೂತಾದ ಮೊಣಕಾಲಿನ ಮೇಲೆ ಜಿಗ್‌ಜಾಗ್ ಸಾಲುಗಳನ್ನು ಒತ್ತೊತ್ತಾಗಿ ಓಡಿಸಿ ಹೊಸ ನೆಯ್ಗೆಯಂತೆ ಮುಚ್ಚಿದ ಒಂದು ಪ್ಯಾಂಟು ನಮ್ಮ ಮನೆಯಲ್ಲಿದೆ. ಅದನ್ನು ನೋಡಿದಾಗಲೆಲ್ಲ ಆ ಯಂತ್ರದ ಮೇಲಿನ ಗೌರವ ಹೆಚ್ಚುತ್ತದೆ.

ಆದರೂ ಅದು ನನ್ನದಾಗದಿರಲು ಮೂರು ಕಾರಣಗಳಿವೆ. ಮೊದಲನೆಯದು ಬೆಲೆ: ಅವಳು ಅದಕ್ಕೆ 11,500 ರೂಪಾಯಿ ಕೊಟ್ಟಿದ್ದಾಳೆ. ಎರಡನೆಯದು ಕರೆಂಟು: ಜುಲೈ ತಿಂಗಳಲ್ಲಿ ತೆಂಗಿನ ಮಡಲೋ ಮರದ ಗೆಲ್ಲೋ ತಂತಿಯ ಮೇಲೆ ಬಿದ್ದು ದಿನಕ್ಕೆ ನಾಲ್ಕು ಬಾರಿ ಕರೆಂಟು ಹೋಗುವ ನಮ್ಮ ಕಡೆ, ಹೊರಗಿನ ಯಾವ ಕೆಲಸವೂ ನಡೆಯದ, ಹೊಲಿಗೆಗೆಂದೇ ಬಿಡುವು ಸಿಗುವ ಮಧ್ಯಾಹ್ನಗಳಲ್ಲೇ ಆ ಯಂತ್ರ ಸುಮ್ಮನೆ ಕುಳಿತಿರುತ್ತದೆ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಚೀಲದ ಹಿಡಿಯ ಎಂಟು ಪದರದ ಮೇಲೆ ಅದರ ಸೂಜಿ ಎರಡು ಬಾರಿ ಮುರಿದು, ಮೂರನೆಯ ಬಾರಿ ಒಳಗಿನಿಂದ ಟಕ್ಕೆಂದು ಸದ್ದು ಬಂದಿತು. ಹೊದಿಕೆ ಬಿಚ್ಚಿ ನೋಡಲು ನನಗೆ ಧೈರ್ಯ ಬರಲಿಲ್ಲ. ಬಿಚ್ಚಿದರೂ ತಿಳಿಯುವಂಥದ್ದೇನೂ ಅಲ್ಲಿರಲಿಲ್ಲ. ಮಂಗಳೂರಿಗೆ ಒಯ್ದು, ಒಂಬತ್ತು ದಿನ ಬಿಟ್ಟು, 900 ರೂಪಾಯಿ ಕೊಟ್ಟು ಸರಿಮಾಡಿಸಿ ಹಿಂದಿರುಗಿಸಿದೆ. ಇನ್ನೊಬ್ಬರ ವಸ್ತುವನ್ನು ಕೆಡಿಸಿದೆನೆಂಬ ಸಂಕಟ ಅಷ್ಟು ದಿನವೂ ನನ್ನ ಜೊತೆಗಿತ್ತು.

ಇನ್ನು ತುಳಿಯುವ ಯಂತ್ರ. ಎರಕದ ಕಬ್ಬಿಣದ ಕಾಲು, ಮರದ ಹಲಗೆ, ಚರ್ಮದ ಬೆಲ್ಟು, ಕೆಳಗಿನ ದಾರ ಸುತ್ತಿಡುವ ದುಂಡನೆಯ ಬಾಬಿನ್ನು, ಮೇಲಿನ ದಾರವನ್ನು ಅದರ ಸುತ್ತ ಒಯ್ಯಲು ಹಿಂದಕ್ಕೂ ಮುಂದಕ್ಕೂ ತೊಟ್ಟಿಲಿನಂತೆ ಓಲಾಡುವ ಶಟಲ್. ಅತ್ತೆಯವರು ಇಪ್ಪತ್ತು ವರ್ಷ ಇದರಲ್ಲಿ ಹೊಲಿದು, ಕಣ್ಣು ಮಂಜಾದ ಮೇಲೆ ಬಟ್ಟೆ ಮುಚ್ಚಿ ಬಿಟ್ಟಿದ್ದರು. ಯಂತ್ರಗಳ ವಿಷಯದಲ್ಲಿ ಅಷ್ಟೊಂದು ಎಚ್ಚರದಿಂದಿದ್ದ ಗಾಂಧೀಜಿಯವರು ಕೂಡ 1924ರಲ್ಲಿ ಕೇರಳದ ಯುವಕ ಜಿ. ರಾಮಚಂದ್ರನ್ ಅವರೊಡನೆ ಮಾತಾಡುವಾಗ ಹೊಲಿಗೆ ಯಂತ್ರವನ್ನು ತಮ್ಮ ಆಕ್ಷೇಪದಿಂದ ಹೊರಗಿಟ್ಟಿದ್ದರು. ಹೆಂಡತಿ ಕೈಯಿಂದ ಹೊಲಿಯುತ್ತ ಬಳಲುವುದನ್ನು ನೋಡಲಾರದೆ ಸಿಂಗರ್ ಅದನ್ನು ರೂಪಿಸಿದನೆಂಬುದು ಅವರು ಕೊಟ್ಟ ಕಾರಣವಾಗಿತ್ತು. ಅತ್ತೆಯವರು ಕೂರುತ್ತಿದ್ದ ಸ್ಟೂಲಿನ ಮೇಲೆ ಕುಳಿತು ಪೆಡಲಿನ ಮೇಲೆ ಕಾಲಿಟ್ಟಾಗ ಆ ಮಾತು ನನಗೆ ನೆನಪಾಗುತ್ತದೆ.

ಹೊರತೆಗೆದಾಗ ಚಕ್ರ ಅಲುಗಾಡುತ್ತಿರಲಿಲ್ಲ. ತುಕ್ಕು ಹಿಡಿದಿದೆಯೆಂದು ಭಾವಿಸಿದ್ದೆವು, ಆದರೆ ನಿಜವಾದ ಕಾರಣ ತೆಂಗಿನೆಣ್ಣೆ. ಹೊಲಿಗೆ ಯಂತ್ರದ ಎಣ್ಣೆ ಮುಗಿದಾಗಲೆಲ್ಲ ಮನೆಯಲ್ಲಿ ಕೈಗೆ ಸಿಗುವ ತೆಂಗಿನೆಣ್ಣೆಯನ್ನೇ ತೂತುಗಳಿಗೆ ಬಿಟ್ಟಿದ್ದರು. ಅದು ವರ್ಷಗಳು ಕಳೆದಂತೆ ಧೂಳು ಮತ್ತು ಬಟ್ಟೆಯ ನವಿರಿನ ಜೊತೆ ಬೆರೆತು ಹಲಸಿನ ಮೇಣದಂತೆ ಅಂಟಿಕೊಂಡಿತ್ತು. ಪೇಟೆಯ ಒಬ್ಬ ಮೆಕ್ಯಾನಿಕ್ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಟ್ಟು, ಬೆಲ್ಟು ಬದಲಿಸಿ, ಹೊಸ ಬಾಬಿನ್ ಕೇಸ್ ಹಾಕಿ 1,100 ರೂಪಾಯಿ ತೆಗೆದುಕೊಂಡರು. ಚಕ್ರ ಹೂವಿನಂತೆ ತಿರುಗಿತು.

ತೊಂದರೆ ಶುರುವಾದದ್ದು ಆಮೇಲೆ. ಹೊಲಿದ ಬಟ್ಟೆಯ ಮೇಲ್ಭಾಗದಲ್ಲಿ ಹೊಲಿಗೆ ಚೊಕ್ಕವಾಗಿ ಕಾಣುತ್ತಿತ್ತು, ಮಗುಚಿ ನೋಡಿದರೆ ಅಡಿಯಲ್ಲಿ ದಾರ ಹಕ್ಕಿಗೂಡಿನಂತೆ ಗುಂಜುಗುಂಜಾಗಿ ಸಿಕ್ಕಿಕೊಂಡಿರುತ್ತಿತ್ತು. ನಾಲ್ಕು ಅಂಗುಲ ಹೊಲಿಯುವಷ್ಟರಲ್ಲಿ ಯಂತ್ರ ಬಿಗಿದು ನಿಲ್ಲುತ್ತಿತ್ತು. ಕತ್ತರಿ ಹಾಕಿ ಬಿಡಿಸಬೇಕಾಗುತ್ತಿತ್ತು. ಗುಂಜು ಅಡಿಯಲ್ಲಿದೆಯಾದ್ದರಿಂದ ದೋಷವೂ ಅಡಿಯಲ್ಲಿಯೇ, ಅಂದರೆ ಬಾಬಿನ್ನಿನಲ್ಲಿಯೇ, ಇರಬೇಕೆಂದು ನಾನು ನಂಬಿದೆ. ಬಾಬಿನ್ ಕೇಸಿನ ಸಣ್ಣ ತಿರುಪನ್ನು ಬಿಗಿ ಮಾಡಿದೆ, ಇನ್ನಷ್ಟು ಕೆಟ್ಟಿತು. ಸಡಿಲ ಮಾಡಿದೆ, ಏನೂ ಬದಲಾಗಲಿಲ್ಲ. ಮೆಕ್ಯಾನಿಕ್ಕಿನ ಬಳಿಗೆ ತಲೆಭಾಗವನ್ನು ಮತ್ತೆ ಒಯ್ದೆ. ಅವರು ಶಟಲ್ ಬದಲಿಸಿ 350 ರೂಪಾಯಿ ತೆಗೆದುಕೊಂಡರು. ಮನೆಗೆ ತಂದು ಹೊಲಿದರೆ ಮತ್ತೆ ಅದೇ ಗುಂಜು.

ಸೂಜಿ ತಿರುಗುಮುರುಗಾಗಿದ್ದರೂ ಹೀಗಾಗುತ್ತದೆಂದು ಕೇಳಿ ಅದನ್ನೂ ನೋಡಿದೆ. ಮನೆಯ ಯಂತ್ರದ ಸೂಜಿಯ ಬುಡ ಒಂದು ಬದಿಯಲ್ಲಿ ಚಪ್ಪಟೆಯಾಗಿರುತ್ತದೆ. ದಾರ ಪೋಣಿಸುವ ಬದಿಗೆ ಉದ್ದನೆಯ ಗೀರು, ಶಟಲಿನ ಕೊಕ್ಕೆ ಹಾದುಹೋಗುವ ಬದಿಗೆ ಚಪ್ಪಟೆ ಭಾಗ ಬರಬೇಕು. ಅದು ಸರಿಯಾಗಿಯೇ ಇತ್ತು. ದಾರ ಕಳಪೆಯಿರಬಹುದೆಂದು ಹೊಸ ದಾರ ತಂದೆ. ಹೀಗೆ ಮೂರು ವಾರ ಕಳೆದವು. ಆ ದಿನಗಳಲ್ಲಿ, ಸುಮ್ಮನೆ ಹೊಸ ಯಂತ್ರವನ್ನೇ ಕೊಳ್ಳಬಹುದಲ್ಲ ಎಂದು ಮನೆಯವರು ಹೇಳಿದ್ದು ತಪ್ಪೆಂದು ನನಗೂ ಅನ್ನಿಸಿರಲಿಲ್ಲ.

ಕೊನೆಗೆ ಅದನ್ನು ಕಂಡುಹಿಡಿದವರು ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಅಂಗಡಿ ಮುಚ್ಚಿ ಮನೆಯಲ್ಲಿರುವ ಒಬ್ಬ ವೃದ್ಧ ಟೈಲರ್. ಅವರು ಬಂದವರೇ ಬಾಬಿನ್ನಿನ ಕಡೆ ನೋಡಲೇ ಇಲ್ಲ. ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟನ್ನು ಕೆಳಗಿಳಿಸಿ, ಸೂಜಿಯ ಬಳಿ ಮೇಲಿನ ದಾರವನ್ನು ಮೆಲ್ಲನೆ ಎಳೆಯಲು ನನಗೆ ಹೇಳಿದರು. ದಾರ ಸಲೀಸಾಗಿ ಬಂತು. ಫೂಟನ್ನು ಎತ್ತಿ ಎಳೆಯಲು ಹೇಳಿದರು. ಆಗಲೂ ಅಷ್ಟೇ ಸಲೀಸಾಗಿ ಬಂತು. ಫೂಟು ಮೇಲಿದ್ದಾಗ ದಾರ ಸಲೀಸಾಗಿ ಬರಬೇಕು, ಕೆಳಗಿದ್ದಾಗ ಸೂಜಿ ಬಾಗುವಷ್ಟು ತಡೆಯಬೇಕು, ಈ ಎರಡರ ನಡುವೆ ವ್ಯತ್ಯಾಸವೇ ಇಲ್ಲವೆಂದರೆ ಮೇಲಿನ ಟೆನ್ಶನ್ ಕೆಲಸ ಮಾಡುತ್ತಿಲ್ಲ ಎಂದು ಅವರು ತಿಳಿಸಿದರು. ಮೇಲಿನ ಮತ್ತು ಕೆಳಗಿನ ದಾರಗಳು ಬಟ್ಟೆಯ ದಪ್ಪದ ನಡುವೆ ಒಂದನ್ನೊಂದು ಹಿಡಿದುಕೊಂಡರೆ ಅದು ಸರಿಯಾದ ಹೊಲಿಗೆ; ಮೇಲಿನ ದಾರಕ್ಕೆ ತಡೆಯಿಲ್ಲದಿದ್ದರೆ ಅದು ಬೇಕಾದ್ದಕ್ಕಿಂತ ಹೆಚ್ಚು ಹರಿದುಬಂದು, ಕೆಳಗೆ ಹೋಗಿ ರಾಶಿ ಬೀಳುತ್ತದೆ. ಅಡಿಯಲ್ಲಿ ಕಾಣುವ ಗುಂಜಿನ ಕಾರಣ ಮೇಲೆ ಇರುತ್ತದೆಂಬುದು ಹೀಗೆ ನನಗೆ ಮೊದಲ ಬಾರಿಗೆ ಅರ್ಥವಾಯಿತು.

ಮೇಲಿನ ಟೆನ್ಶನ್ ಎಂದರೆ ಎರಡು ಪುಟ್ಟ ಬಟ್ಟಲಿನಂಥ ತಗಡುಗಳು, ಅವುಗಳನ್ನು ಅದುಮುವ ಒಂದು ಸ್ಪ್ರಿಂಗು, ತಿರುಗಿಸುವ ಒಂದು ನಟ್ಟು. ಫೂಟನ್ನು ಎತ್ತಿದಾಗ ನಡುವಿನ ಒಂದು ಸಣ್ಣ ಕಡ್ಡಿ ಮುಂದೆ ಬಂದು ಒತ್ತಡವನ್ನು ಬಿಡಿಸುತ್ತದೆ, ಇಳಿಸಿದಾಗ ಹಿಂದೆ ಸರಿಯುತ್ತದೆ. ನಮ್ಮ ಯಂತ್ರದಲ್ಲಿ ಆ ಕಡ್ಡಿ, ತಲೆಯ ಉಳಿದ ಭಾಗಗಳನ್ನು ಹಿಡಿದಿದ್ದ ಅದೇ ತೆಂಗಿನೆಣ್ಣೆಯ ಮೇಣದಲ್ಲಿ ಸಿಲುಕಿ, ಮುಂದೆ ಬಂದಲ್ಲೇ ನಿಂತುಬಿಟ್ಟಿತ್ತು. ಸೀಮೆಎಣ್ಣೆ ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಅವರು ನಟ್ಟು, ಸ್ಪ್ರಿಂಗು, ತಗಡುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಒಂದು ತಟ್ಟೆಯಲ್ಲಿ ಸಾಲಾಗಿ ಇಟ್ಟರು, ಕಡ್ಡಿಯನ್ನು ಹೊರತೆಗೆದು ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯ ಚಿಂದಿಯಿಂದ ಒರೆಸಿದರು, ತಗಡುಗಳ ನಡುವೆ ಸಿಕ್ಕಿದ್ದ ಒಂದು ಬೆರಳುದ್ದದ ಹಳೆಯ ಕೆಂಪು ದಾರದ ತುಂಡನ್ನೂ ಎಳೆದು ತೆಗೆದರು. ಇಪ್ಪತ್ತು ನಿಮಿಷದ ಕೆಲಸ. ಹಣ ಬೇಡವೆಂದರು, ಒಂದು ಬಾಳೆಗೊನೆ ಕೊಟ್ಟು ಕಳುಹಿಸಿದೆವು.

ಅಂದಿನಿಂದ ನಾನು ಆ ಜೋಡಣೆಯನ್ನು ಮೂರು ಬಾರಿ ಸ್ವತಃ ಬಿಚ್ಚಿ ಜೋಡಿಸಿದ್ದೇನೆ. ಒಂದು ತಿರುಪುಳಿ ಸಾಕು. ಈ ಯಂತ್ರದಲ್ಲಿ ಕಣ್ಣಿಗೆ ಕಾಣದ ಭಾಗವೆಂಬುದು ಬಹಳ ಕಡಿಮೆ: ಯಾವುದು ಯಾವುದನ್ನು ತಳ್ಳುತ್ತದೆಂಬುದನ್ನು ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತ ಬೆರಳಿಟ್ಟು ತೋರಿಸಬಹುದು. ನನ್ನ ಹನ್ನೆರಡು ವರ್ಷದ ಮಗಳಿಗೆ ಒಂದು ಸಂಜೆಯಲ್ಲಿ ಅದೆಲ್ಲವೂ ತಿಳಿಯಿತು.

ಚೀಲದ ಹಿಡಿಯ ಎಂಟು ಪದರವನ್ನು ಅದು 18 ನಂಬರಿನ ಸೂಜಿಯಲ್ಲಿ ಹೊಲಿಯಿತು. ಓಡಿಸಿ ಹೊಲಿಯಲಾಗುವುದಿಲ್ಲ, ಪೆಡಲನ್ನು ಬಿಟ್ಟು, ಬಲಗೈಯಿಂದ ಚಕ್ರವನ್ನು ಒಂದೊಂದೇ ಹೊಲಿಗೆಯಂತೆ ತಿರುಗಿಸಬೇಕು. ಆ ನಿಧಾನ ನನಗೆ ಹಿಡಿಸುತ್ತದೆ. ಅಂಗಿಗೆ 14, ತೆಳ್ಳಗಿನ ಹತ್ತಿಗೆ 11 ನಂಬರಿನ ಸೂಜಿ ಹಾಕುತ್ತೇನೆ. ಹಳೆಯ ಹತ್ತಿಬಟ್ಟೆಗೆ ಪಾಲಿಯೆಸ್ಟರ್ ದಾರ ಬಳಸುವುದನ್ನು ಬಿಟ್ಟಿದ್ದೇನೆ, ಏಕೆಂದರೆ ದಾರ ಬಟ್ಟೆಗಿಂತ ಗಟ್ಟಿಯಾದರೆ ಮುಂದಿನ ಹರಕು ತೇಪೆಯ ಪಕ್ಕದಲ್ಲಿಯೇ ಬರುತ್ತದೆ.

ಇದರ ಕೊರತೆಗಳೂ ಇವೆ. ಮಳೆಗಾಲದ ತೇವಕ್ಕೆ ಚರ್ಮದ ಬೆಲ್ಟು ಹಿಗ್ಗಿ ಚಕ್ರದ ಮೇಲೆ ಜಾರುತ್ತದೆ. ತಂತಿಯ ಕೊಂಡಿಯನ್ನು ಬಿಚ್ಚಿ, ಅರ್ಧ ಅಂಗುಲ ಕತ್ತರಿಸಿ, ಮತ್ತೆ ಕೊಂಡಿ ಹಾಕಬೇಕು. ಜಾಗ ಹೆಚ್ಚು ಬೇಕು. ಮೊಣಕಾಲು ನೋವಿರುವವರಿಗೆ ಇದನ್ನು ನಾನು ಹೇಳಲಾರೆ. ಅವರಿಗೆ ಇದೇ ತಲೆಗೆ ಸಣ್ಣ ಮೋಟಾರು ಜೋಡಿಸುವ ದಾರಿಯಿದೆ.

ಒಂದು ವಸ್ತುವನ್ನು ಮಾತ್ರ ನಾನು ಮೂರರಲ್ಲಿ ಯಾವುದಕ್ಕೂ ಕೊಟ್ಟಿಲ್ಲ. ಅತ್ತೆಯವರದ್ದೇ ಒಂದು ಕಾಸರಗೋಡು ಸೀರೆಯಿದೆ, ಇಲ್ಲಿಯ ಶಾಲಿಯ ನೇಕಾರರು ಕೈಮಗ್ಗದಲ್ಲಿ ನೇಯುವ, ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಆ ಹತ್ತಿ ಸೀರೆ. ಮೊಳೆಗೆ ಸಿಕ್ಕಿ ಅದರ ಮೈಯಲ್ಲಿ ಎರಡು ಅಂಗುಲ ಹರಿದಿತ್ತು. ಸೀರೆಯ ಒಳತುದಿಯಿಂದ ಬಿಡಿಸಿಕೊಂಡ ಅದರದೇ ನೂಲಿನಿಂದ, ಒಂದು ಎಳೆ ಮೇಲೆ ಒಂದು ಎಳೆ ಕೆಳಗೆ ಎಂಬಂತೆ ಕೈಸೂಜಿಯಲ್ಲಿ ನೇಯ್ದು ಸೇರಿಸಿದೆ. ಅದಕ್ಕೆ ಎರಡು ಮಧ್ಯಾಹ್ನ ಹಿಡಿಯಿತು.

ಲೆಕ್ಕಕ್ಕೆ ಬಂದರೆ, ಪ್ಲಾಸ್ಟಿಕ್ ಯಂತ್ರಕ್ಕೆ 1,650 ರೂಪಾಯಿ ಹೋಯಿತು. ತುಳಿಯುವ ಯಂತ್ರಕ್ಕೆ ಮೆಕ್ಯಾನಿಕ್ಕಿನ ಎರಡು ಸಲದ ಖರ್ಚು, ಸೂಜಿ, ಎಣ್ಣೆ ಸೇರಿ 1,600 ರೂಪಾಯಿ ಆಗಿದೆ. ಅದರಲ್ಲಿ ಶಟಲಿಗೆ ಕೊಟ್ಟ 350 ಅನಗತ್ಯವಾಗಿತ್ತು. ಮನೆಯಲ್ಲಿ ಹಳೆಯ ಯಂತ್ರವಿಲ್ಲದವರು ಎರಡನೆಯ ಕೈಯದನ್ನು ಹುಡುಕಿ ಕೊಳ್ಳುವುದಾದರೆ, ಚಕ್ರ ತಿರುಗುತ್ತದೆಯೇ ಎಂದು ನೋಡಿದರಷ್ಟೇ ಸಾಲದು, ಫೂಟನ್ನು ಎತ್ತಿ ಇಳಿಸಿ ಮೇಲಿನ ದಾರವನ್ನು ಎಳೆದು ನೋಡಬೇಕು. ಬಾಬಿನ್ ಕೇಸನ್ನು ಅದರ ದಾರದಿಂದ ತೂಗುಬಿಟ್ಟು ಒಮ್ಮೆ ಜಗ್ಗಬೇಕು. ಸರಿಯಿದ್ದರೆ ಅದು ತಾನಾಗಿ ಜಾರದೆ, ಜಗ್ಗಿದಾಗ ಮಾತ್ರ ಸ್ವಲ್ಪ ಇಳಿದು ನಿಲ್ಲುತ್ತದೆ. ಹೆಚ್ಚಾಗಿ ಬನಿಯನ್, ಟೀ ಶರ್ಟುಗಳನ್ನೇ ಹೊಲಿಯುವವರು, ಕರೆಂಟು ಸರಿಯಾಗಿರುವ ಪೇಟೆಯಲ್ಲಿರುವವರು ಜಿಗ್‌ಜಾಗ್ ಯಂತ್ರವನ್ನೇ ಕೊಳ್ಳಲಿ. ನನ್ನ ಮನೆಗೆ, ನನ್ನ ಮಳೆಗಾಲಕ್ಕೆ, ನನ್ನ ಕೈಗೆ ಬಗ್ಗುವುದು ಈ ಕಪ್ಪು ಯಂತ್ರ.

ಮುಂದಿನ ಮಳೆಗಾಲಕ್ಕೆಂದು ಒಂದು ಬೆಲ್ಟು, ನಾಲ್ಕು ಕೊಂಡಿ, 14 ಮತ್ತು 18 ನಂಬರಿನ ಸೂಜಿಗಳನ್ನು ತಂದು ಯಂತ್ರದ ಹಲಗೆಯ ಕೆಳಗಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಯಂತ್ರದ ಎಣ್ಣೆಯ ಬಾಟಲಿಯೂ ಅಲ್ಲಿಯೇ ಇದೆ, ತೆಂಗಿನೆಣ್ಣೆ ಹಾಕಬಾರದೆಂದು ಮಗಳು ಬರೆದು ಅಂಟಿಸಿದ ಚೀಟಿಯ ಜೊತೆಗೆ.